ಮೈ ಪಡುವ ಅನುಮಾನ

ಏಪ್ರಿಲ್ ೫, ಸೋಮವಾರ

ಇವತ್ತು ಲಸಿಕೆ ಹಾಕಿಸಿಕೊಂಡು ಬಂದೆವು. ಇವರಿಗೂ ನನಗೂ ಒಂದೇ ಸಲ, ಪಕ್ಕಪಕ್ಕದ ಕುರ್ಚಿಯಲ್ಲಿ, ಎಡಗೈಗೆ. ಚುಚ್ಚುವ ಮುಂಚೆ ನರ್ಸು "ಆ ಕಡೆ ನೋಡಿ ಅಮ್ಮ" ಎಂದಳು. ನಾನು ನೋಡಲಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಚೆಕಿಂಗ್ ಮೇಜಿನ ಮುಂದೆ ಕೂತವಳು ನಾನು. ಆ ಕಡೆ ನೋಡಿ ಎಂದು ಯಾರಾದರೂ ಹೇಳಿದರೆ ಈ ಕಡೆ ಏನೋ ನಡೆಯುತ್ತಿದೆ ಎಂದೇ ಅರ್ಥ. ಸೀಸೆಯ ಮೇಲಿನ ತಾರೀಖು ಓದಿದೆ. ಸಿರಿಂಜಿನಲ್ಲಿ ಎಷ್ಟಿದೆ ನೋಡಿದೆ. ಪೂರ್ತಿ ಒಳಗೆ ಹೋಯಿತೇ ಎಂದೂ ನೋಡಿದೆ. ಹೋಯಿತು. ಈಗ ಅದೇ ನನ್ನ ಚಿಂತೆ. ಹೋದದ್ದು ಮುಂದೆ ಏನಾಗುತ್ತದೆ?

ಕರೆದುಕೊಂಡು ಹೋದವಳು ನಾದಿನಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಒಂದು ತಿಂಗಳಿಂದ ನನ್ನ ತಲೆ ತಿನ್ನುತ್ತಿದ್ದಳು. "ಅಣ್ಣಂಗೆ ಕಿಡ್ನಿ ಕಸಿ ಆಗಿದೆ ಅತ್ತಿಗೆ. ಆ ಮಾತ್ರೆ ತಿಂದು ತಿಂದು ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಇಲ್ಲ. ಮನೇಲಿರೋರು ನೀವಿಬ್ಬರೇ. ನಿಮಗೆ ಸೋಂಕು ಬಂದ್ರೆ ಅಣ್ಣಂಗೆ ಬಂದ ಹಾಗೇನೇ."

ಆರು ವರ್ಷದ ಹಿಂದೆ ಆ ಕಿಡ್ನಿ ಕೊಟ್ಟವಳೂ ಅವಳೇ. ನನ್ನದು ಹೊಂದಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಅವಳ ಮಾತಿಗೆ ಒಂದು ತೂಕ ಹೆಚ್ಚು. ಅವಳಾಗಿ ಎಂದೂ ದೊಡ್ಡಸ್ತಿಕೆ ತೋರಿಸಿಲ್ಲ, ನಿಜ. ತೋರಿಸದೆ ಇರುವುದೂ ಒಂದು ಜಾಣತನವೇ.

ಇದು ಕಾರ್ಖಾನೆಯ ಹಳೆಯ ಚೆಕಿಂಗ್ ಪುಸ್ತಕ, ಹಿಂದಿನ ಹಾಳೆಗಳೆಲ್ಲ ಖಾಲಿ ಇವೆ. ಮೈಯಲ್ಲಿ ಆಗುವುದನ್ನೆಲ್ಲ ಇದರಲ್ಲಿ ಬರೆದಿಡುತ್ತೇನೆ. ನಾಳೆ ಏನಾದರೂ ಆದರೆ ಯಾರೂ ನನ್ನ ಕಿವಿಗೆ ಹೂ ಮುಡಿಸಬಾರದು.

ಏಪ್ರಿಲ್ ೬, ಮಂಗಳವಾರ

ಜ್ವರ ನೂರಾ ಒಂದು. ತೋಳು ಎತ್ತಲಾಗುತ್ತಿಲ್ಲ.

ಇವರಿಗೆ ಏನೂ ಇಲ್ಲ. ಮುಂದಿನ ಕೋಣೆಯಲ್ಲಿ ಯಾರದೋ ಹೊಲಿಗೆ ಯಂತ್ರ ಬಿಚ್ಚಿ ಹರವಿಕೊಂಡು, ಶಿಳ್ಳೆ ಹಾಕುತ್ತಾ ಎಣ್ಣೆ ಬಿಡುತ್ತಿದ್ದಾರೆ. ಇಬ್ಬರಿಗೂ ಒಂದೇ ಸೀಸೆ ಅಲ್ಲವೇ? ನನ್ನ ಕಣ್ಣಾರೆ ನೋಡಿದ್ದೇನೆ. ಹಾಗಿದ್ದರೆ ನನಗೊಬ್ಬಳಿಗೇ ಯಾಕೆ?

ಏಪ್ರಿಲ್ ೯, ಶುಕ್ರವಾರ

ಜ್ವರ ಬಿಟ್ಟು ಎರಡು ದಿನವಾಯಿತು. ಸ್ನಾನ ಮಾಡುವಾಗ ಎಡ ಕಂಕುಳಲ್ಲಿ ಗಂಟು ಕೈಗೆ ಸಿಕ್ಕಿತು. ಕೋಟಿನ ಗುಂಡಿಯಷ್ಟು ದಪ್ಪ, ಒತ್ತಿದರೆ ನೋವು. ಬಲ ಕಂಕುಳಲ್ಲಿ ನೋಡಿಕೊಂಡೆ, ಇಲ್ಲ.

ಸೂಜಿ ಚುಚ್ಚಿದ ಕೈಯದೇ ಕಂಕುಳು. ಒಳಗೆ ಹೋದದ್ದು ಎಲ್ಲಿ ಕೂತಿದೆ ಎಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ಯಾರಿಗೂ ಹೇಳಿಲ್ಲ. ಇವರಿಗೆ ಹೇಳಿದರೆ ಊಟ ಬಿಡುತ್ತಾರೆ. ನಾದಿನಿಗೆ ಹೇಳಿದರೆ "ಅದೇನಿಲ್ಲ ಅತ್ತಿಗೆ" ಎನ್ನುತ್ತಾಳೆ. ಅವಳ ಬಾಯಲ್ಲಿ ಎಲ್ಲವೂ ಏನಿಲ್ಲವೇ. ಅವಳ ಹೊಟ್ಟೆ ಕೊಯ್ದು ಕಿಡ್ನಿ ತೆಗೆದ ದಿನವೂ "ಏನಿಲ್ಲ" ಎಂದವಳು.

ಏಪ್ರಿಲ್ ೧೩, ಮಂಗಳವಾರ

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದೇ ಮಾತು ಬಂತು. ನನ್ನ ಎದುರಿನ ಯಂತ್ರದಲ್ಲಿ ಗುಂಡಿಯ ಕಾಜ ಹಾಕುವವಳು, ಕಾರ್ಖಾನೆಯೆಲ್ಲ ಅವಳನ್ನು ಕಾಜದವಳು ಎಂದೇ ಕರೆಯುವುದು, ಇನ್ನೂ ಹಾಕಿಸಿಕೊಂಡಿಲ್ಲ. "ನಂಗೆ ಸೂಜಿ ಅಂದ್ರೆ ಭಯ ಅಕ್ಕ" ಎನ್ನುತ್ತಾಳೆ. ದಿನಕ್ಕೆ ನಾನೂರು ಕಾಜ ಹಾಕುವವಳಿಗೆ ಸೂಜಿಯ ಭಯ!

ಕಟಿಂಗ್ ಮಾಸ್ಟರು ಎಲ್ಲ ತಿಳಿದವರ ಹಾಗೆ ಬಾಯಿ ಹಾಕಿದರು. "ಅದರಲ್ಲಿ ಮದ್ದೇ ಇಲ್ಲಮ್ಮ. ಬರೀ ಪ್ಯಾಟರ್ನು. ನಾನು ಕಾಗದದಲ್ಲಿ ಕತ್ತರಿಸಿ ಕೊಡ್ತೀನಲ್ಲ, ಹಾಗೆ. ಅದನ್ನ ನೋಡ್ಕೊಂಡು ನಿಮ್ಮ ಮೈಯೇ ಪ್ರೋಟೀನು ಹೊಲಿಯುತ್ತೆ. ಹೊಲಿದಾದ್ಮೇಲೆ ಪ್ಯಾಟರ್ನು ಹರಿದು ಬಿಸಾಕುತ್ತೆ. ನಾವು ಮಾಡೋ ಹಾಗೇನೇ."

ನಾವು ಮಾಡುವ ಹಾಗೇನೇ! ನಮ್ಮಲ್ಲಿ ಒಂದು ಪದ್ಧತಿ ಇದೆ. ಆಸ್ಪತ್ರೆಯವರೋ ಶಾಲೆಯವರೋ ತಮಗೆಂದೇ ಒಂದು ಮಾದರಿ ಮಾಡಿಸಿದರೆ, ಆರ್ಡರ್ ಮುಗಿದ ದಿನ ಮಾಸ್ಟರು ಅವರ ಕಣ್ಣೆದುರಿಗೇ ಪ್ಯಾಟರ್ನನ್ನು ನಾಲ್ಕು ಚೂರು ಮಾಡಬೇಕು. ಬೇರೆ ಯಾರಿಗೂ ಅದೇ ಅಳತೆಯಲ್ಲಿ ಹೊಲಿದುಕೊಡುವುದಿಲ್ಲ ಎಂದು ಮಾತು. ಮಾಸ್ಟರು ಗಂಭೀರವಾಗಿ ಪರಪರನೆ ಹರಿಯುತ್ತಾರೆ. ಬಂದವರು ತೃಪ್ತಿಯಿಂದ ಹೋಗುತ್ತಾರೆ. ಇನ್ನೊಂದು ಪ್ರತಿ ಅವರ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿರುತ್ತದೆ. ನಾನೇ ನೋಡಿದ್ದೇನೆ, ಒಂದಲ್ಲ, ಒಂದು ಕಟ್ಟು.

ಮೈಗೂ ಅಂಥ ಒಂದು ಡ್ರಾಯರ್ ಇದ್ದರೆ?

ಏಪ್ರಿಲ್ ೧೮, ಭಾನುವಾರ

ನಾದಿನಿ ಊಟಕ್ಕೆ ಬಂದಿದ್ದಳು. ನಲವತ್ತೆಂಟು ವರ್ಷದ ಹೆಂಗಸನ್ನು ಇವರು ಇನ್ನೂ "ಪುಟ್ಟಿ, ಪುಟ್ಟಿ" ಎನ್ನುತ್ತಾರೆ. ಪುಟ್ಟಿ ತನ್ನ ಅಣ್ಣನ ತಟ್ಟೆಗೆ ಉಪ್ಪು ಕಡಿಮೆ ಬಿದ್ದಿದೆಯೇ ಎಂದು ಮೊದಲು ರುಚಿ ನೋಡಿದಳು. ನಾನು ಆರು ವರ್ಷದಿಂದ ಅಳೆದು ಹಾಕುತ್ತಿರುವ ಉಪ್ಪು! ನುಂಗಿಕೊಂಡೆ.

ಊಟವಾಗಿ ಇವರು ಒಳಗೆ ಅಡ್ಡಾದರು. ಪಾತ್ರೆ ಒರೆಸುತ್ತಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ವಿಷಯ ತೆಗೆದೆ.

"ಅಲ್ಲ, ಆ ಪ್ಯಾಟರ್ನು ಒಳಗೆ ಹೋಗುತ್ತಲ್ಲ, ಅದನ್ನ ಹೊಲಿಯೋರು ಯಾರು?"

ಪ್ಯಾಟರ್ನು ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. "ನಮ್ಮ ಜೀವಕೋಶಗಳೇ ಅತ್ತಿಗೆ. ಅವು ಹಗಲೂ ರಾತ್ರಿ ಸಾವಿರಾರು ಥರದ ಪ್ರೋಟೀನು ಹೊಲೀತಾನೇ ಇರ್ತವೆ. ಇದೂ ಒಂದು ಆರ್ಡರ್ ಅಂದ್ಕೊಂಡು ಹೊಲಿದು ಹಾಕ್ತವೆ."

"ಏನು ಹೊಲೀತವೆ?"

"ವೈರಸ್ಸಿನ ಮೈಮೇಲೆ ಮುಳ್ಳಿನ ಥರ ಇರುತ್ತಲ್ಲ, ಆ ಮುಳ್ಳು ಮಾತ್ರ. ವೈರಸ್ಸಲ್ಲ. ಕೋಶ ಆ ಮುಳ್ಳನ್ನ ಸ್ವಲ್ಪ ಇಡಿಯಾಗಿ ಹೊರಗೆ ತೋರಿಸುತ್ತೆ, ಸ್ವಲ್ಪ ಚೂರು ಮಾಡಿ ತೋರಿಸುತ್ತೆ. ಮೈಯ ಕಾವಲಿನ ಕಣಗಳು ಬಂದು ನೋಡ್ತವೆ. ಇದು ನಮ್ಮದಲ್ಲ ಅಂತ ಗುರುತು ಇಟ್ಕೊಳ್ತವೆ. ನಾಳೆ ನಿಜವಾದ ವೈರಸ್ ಬಂದಾಗ ಅದೇ ಗುರುತು ಹಿಡಿದು ಮೇಲೆ ಬೀಳ್ತವೆ."

"ಆಮೇಲೆ ಆ ಮುಳ್ಳು?"

"ಬಿಚ್ಚಿ ಹಾಕುತ್ತೆ. ಎಲ್ಲಾ ಪ್ರೋಟೀನಿಗೂ ಅದೇ ಗತಿ. ಕೋಶದೊಳಗೆ ಕತ್ತರಿಸೋದಕ್ಕೆ ಅಂತಾನೇ ಒಂದು ಯಂತ್ರ ಇದ್ದ ಹಾಗೆ. ಹಳೇದು, ಕೆಟ್ಟಿದ್ದು, ಬೇಡದ್ದು, ಎಲ್ಲಕ್ಕೂ ಒಂದು ಚೀಟಿ ಅಂಟಿಸಿ ಅದರೊಳಗೆ ತಳ್ಳುತ್ತೆ. ಆಚೆ ಕಡೆಯಿಂದ ಚೂರು ಬೀಳುತ್ತೆ. ಆ ಚೂರಿಂದಾನೇ ಮತ್ತೆ ಬೇರೆ ಪ್ರೋಟೀನು ಕಟ್ಟುತ್ತೆ. ಉಗುರೋ, ಕೂದಲೋ, ರಕ್ತವೋ."

"ಹಾಗಾದ್ರೆ ಅದು ಹೊರಗೇ ಹೋಗಲ್ಲ!"

"ಹೋಗೋದಕ್ಕೆ ಮುಳ್ಳೇ ಉಳಿದಿರಲ್ಲವಲ್ಲ ಅತ್ತಿಗೆ. ಅಂಗಿ ಬಿಚ್ಚಿ ದಾರ ಮಾಡಿದ್ಮೇಲೆ ಅಂಗಿ ಎಲ್ಲಿದೆ ಅಂತ ಹುಡುಕ್ತೀರಾ?"

"ಎಷ್ಟು ದಿನ ಬೇಕು?"

"ಪ್ಯಾಟರ್ನು ಕೆಲವು ದಿನ. ಮುಳ್ಳು ಕೆಲವು ವಾರ."

"ಕೆಲವು ಅಂದ್ರೆ?"

"ಒಬ್ಬೊಬ್ಬರ ಮೈ ಒಂದೊಂದು ಥರ."

ಅಲ್ಲಿ ಸಿಕ್ಕಿಬಿದ್ದಳು. ಚೆಕಿಂಗ್ ಮೇಜಿಗೆ ಬಂದು ಯಾರಾದರೂ "ಕೆಲವು ಅಂಗಿ ಸರಿ ಇದೆ" ಎಂದರೆ ನಾನು ಇಡೀ ಮೂಟೆಯನ್ನೇ ವಾಪಸು ಕಳಿಸುತ್ತೇನೆ.

ಗಂಟಿನ ವಿಷಯ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ನನ್ನ ಭಯವನ್ನು ಅವಳ ಕೈಗೆ ಕೊಟ್ಟರೆ ಇನ್ನು ಉಳಿಯುವುದೇನು? ಈಗಾಗಲೇ ಈ ಮನೆಯಲ್ಲಿ ಅರ್ಧ ಅವಳದೇ.

ಮೇ ೩, ಸೋಮವಾರ

ಎರಡನೆಯದರ ದಿನ. ಬೆಳಿಗ್ಗೆ ಇವರು ತಂಗಿಯ ಜೊತೆ ಹೋಗಿ ಹಾಕಿಸಿಕೊಂಡು ಬಂದರು. ನಾನು ಕೆಲಸದ ನೆಪ ಹೇಳಿ, ಮಧ್ಯಾಹ್ನ ಕಾರ್ಖಾನೆಯಿಂದಲೇ ಹೋಗುತ್ತೇನೆ ಎಂದಿದ್ದೆ.

ಹೋದೆ. ಸುಳ್ಳಲ್ಲ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆ. ನನ್ನ ಮುಂದೆ ಇಬ್ಬರು ಇರುವಾಗ ಕೈ ತಾನಾಗಿಯೇ ಕಂಕುಳಿಗೆ ಹೋಯಿತು. ಗಂಟು ಈಗ ಇಲ್ಲ. ಎರಡು ವಾರದಲ್ಲಿ ಕರಗಿತು. ಕರಗಿದ್ದೇ ನನಗೆ ಇನ್ನೂ ಅನುಮಾನ. ಎಲ್ಲಿಗೆ ಹೋಯಿತು? ಸಾಲು ಬಿಟ್ಟು ಹೊರಗೆ ಬಂದೆ.

ಸಂಜೆ ಇವರು "ಆಯ್ತಾ?" ಎಂದರು.

"ಆಯ್ತು" ಎಂದೆ.

ಮೇ ೪, ಮಂಗಳವಾರ

ಹೋದ ಸಲ ಜ್ವರ ಬಂದಿತ್ತಲ್ಲ, ಈ ಸಲ ಬರದಿದ್ದರೆ ಹೇಗೆ? ರಜೆ ಹಾಕಿ ಹೊದ್ದು ಮಲಗಿದೆ. ಮುಲುಗಿದೆ ಕೂಡ. ಇವರು ಬಿಸಿನೀರು ತಂದುಕೊಟ್ಟರು, ಹಣೆ ಮುಟ್ಟಿ ನೋಡಿ "ಈ ಸಲ ಅಷ್ಟೊಂದಿಲ್ಲ, ಪುಣ್ಯ" ಎಂದರು. ನಾನು ಬೇಡ ಬೇಡ ಎಂದರೂ ಅರ್ಧ ಗಂಟೆ ಕಾಲು ಒತ್ತಿದರು. ಅವರ ಕೈಗೆ ಈಗಲೂ ಯಂತ್ರದ ಎಣ್ಣೆಯ ವಾಸನೆ. ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗಿದೆ.

ಮೇ ೨೨, ಶನಿವಾರ

ಜಗಳವಾಯಿತು. ಇವರು ಮೂಲೆಯ ಕ್ಷೌರದಂಗಡಿಗೆ ಚದುರಂಗ ಆಡಲು ಹೊರಟು ನಿಂತಿದ್ದರು. ಒಂದು ವರ್ಷದಿಂದ ಕಾಲಿಟ್ಟಿಲ್ಲ ಅಲ್ಲಿಗೆ. ಶನಿವಾರ ಎಂದರೆ ನಾಲ್ಕೈದು ಜನ ಸೇರುತ್ತಾರೆ, ಮೊಣಕೈಗೆ ಮೊಣಕೈ ತಾಗುವಷ್ಟು ಜಾಗ.

"ರೀ, ಬೇಡ" ಎಂದೆ.

"ನಂಗೂ ಎರಡಾಯ್ತು, ನಿಂಗೂ ಎರಡಾಯ್ತು. ಇನ್ನೂ ಎಷ್ಟು ದಿನ ಅಂತ ಕಿಟಕಿ ಸರಳು ಎಣಿಸ್ಲಿ ನಾನು?"

ನಿಂಗೂ ಎರಡಾಯ್ತು ಎಂದ ಮೇಲೆ ನಾನೇನು ಹೇಳಲಿ? ಹೋದರು. ಮೂರು ಆಟ ಸೋತು, ಮದುವೆ ಮನೆಯಿಂದ ಬಂದವರ ಹಾಗೆ ಮುಖ ಅರಳಿಸಿಕೊಂಡು ಬಂದರು.

ಮೇ ೨೫, ಮಂಗಳವಾರ

ನಾದಿನಿ ಬೆಳಿಗ್ಗೆ ಸಿರಿಂಜು ಹಿಡಿದುಕೊಂಡು ಬಂದಳು. ಅವರ ಲ್ಯಾಬಿನ ಡಾಕ್ಟರು ಕಸಿ ಆದವರ ರಕ್ತ, ಅವರ ಮನೆಯವರ ರಕ್ತ ನೋಡುತ್ತಿದ್ದಾರಂತೆ, ಲಸಿಕೆ ಎಷ್ಟು ಹಿಡಿದಿದೆ ಎಂದು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಕೈ ಚಾಚಿದೆ. ರಕ್ತ ತೆಗೆಯುವಾಗ ಅವಳು ನನಗೆ ಆ ಕಡೆ ನೋಡಿ ಎನ್ನಲಿಲ್ಲ. ಸೀಸೆ ನನ್ನ ಕಣ್ಣೆದುರಿಗೇ ಹಿಡಿದು, ಹೆಸರಿನ ಚೀಟಿ ಅಂಟಿಸಿ, ಓದಿ ತೋರಿಸಿದಳು.

ಯಾಕೆ ಇಷ್ಟು ನಯ?

ಜೂನ್ ೧, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಕಾಜದವಳೂ ನಾನೂ ಡಬ್ಬಿ ತೊಳೆಯುತ್ತಿದ್ದೆವು. ಗೇಟಿನಲ್ಲಿ ಯಾರೋ ಕೇಳುತ್ತಿದ್ದಾರೆ ಎಂದರು. ಸೈಕಲ್ಲು ನಿಲ್ಲಿಸುವ ಕಡೆ ನಾದಿನಿ ನಿಂತಿದ್ದಳು. ಅವಳು ಎಂದೂ ಕಾರ್ಖಾನೆಗೆ ಬಂದವಳಲ್ಲ.

"ಅತ್ತಿಗೆ, ನೀವು ಎರಡನೇದು ಹಾಕಿಸ್ಕೊಂಡಿಲ್ಲ ಅಲ್ವಾ?"

ನನ್ನ ಮೇಲೇ ಅನುಮಾನ! ಕೆಂಡ ಮುಟ್ಟಿದ ಹಾಗಾಯಿತು. ಯಾರು ಹೇಳಿದ್ದು, ಯಾಕೆ ಕೇಳುತ್ತೀಯ, ನನ್ನ ಹಿಂದೆ ಯಾರನ್ನಾದರೂ ಬಿಟ್ಟಿದ್ದೀಯಾ ಎಂದೆಲ್ಲ ಒದರಿದೆ.

"ಯಾರೂ ಹೇಳಿಲ್ಲ. ನಂಬರು ನೋಡಿ ಅನ್ನಿಸ್ತು. ಎರಡು ಹಾಕಿಸ್ಕೊಂಡವರದು ಇನ್ನೂ ಜಾಸ್ತಿ ಇರುತ್ತೆ. ನೀವು ಹಾಕಿಸ್ಕೊಂಡಿದೀನಿ ಅಂದ್ರೆ ಹಾಗೇ ಸರಿ. ನಾನು ಬಂದಿದ್ದು ಅದಕ್ಕಲ್ಲ."

ಒಂದು ಕಾಗದ ಕೊಟ್ಟಳು. ನನ್ನ ಹೆಸರಿನ ಮುಂದೆ ಒಂದು ಸಂಖ್ಯೆ. ಇವರ ಹೆಸರಿನ ಮುಂದೆ ಸಂಖ್ಯೆಯೇ ಇಲ್ಲ. "ಪತ್ತೆಯಾಗಿಲ್ಲ" ಎಂದಿತ್ತು.

ದೇವರಾಣೆಗೂ ಬರೆಯುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. ಹೊಟ್ಟೆಕಿಚ್ಚೂ ಆಯಿತು. "ನೋಡಿದ್ಯಾ! ಎರಡು ಸಲ ಚುಚ್ಚಿಸ್ಕೊಂಡ್ರೂ ಇವರ ಮೈಯಲ್ಲಿ ಏನೂ ಉಳಿದಿಲ್ಲ. ನಂದರಲ್ಲೇ ಉಳ್ಕೊಂಡಿದೆ" ಎಂದೆ.

ನಾದಿನಿ ಸೈಕಲ್ಲಿನ ಸೀಟು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ಅತ್ತಿಗೆ, ಇದು ಮುಳ್ಳಿನ ಲೆಕ್ಕ ಅಲ್ಲ. ಮುಳ್ಳು ಯಾವತ್ತೋ ಹೋಯ್ತು, ನಿಮ್ಮ ಮೈಯಿಂದಾನೂ, ಅಣ್ಣನ ಮೈಯಿಂದಾನೂ. ಇದು ಗುರುತಿನ ಲೆಕ್ಕ. ಮುಳ್ಳನ್ನ ನೋಡಿ ಮೈ ಏನು ತಯಾರಿ ಮಾಡ್ಕೊಂಡಿದೆ ಅನ್ನೋದರದು. ನಿಮ್ಮ ಮೈ ಒಂದೇ ಸಲಕ್ಕೆ ಇಷ್ಟು ಮಾಡ್ಕೊಂಡಿದೆ. ಅಣ್ಣಂದು ಎರಡು ಸಲ ನೋಡಿನೂ ಸುಮ್ನೆ ಇದೆ. ಹೊಲಿಯಿತು, ಬಿಚ್ಚಿತು, ಮರೆತುಬಿಡ್ತು."

"ಯಾಕೆ?"

"ಅನುಮಾನ ಪಡೋದೇ ಬಿಟ್ಟಿದೆ ಅಣ್ಣನ ಮೈ. ಮಾತ್ರೆ ಕೊಡೋದೇ ಅದಕ್ಕಲ್ವಾ? ಅನುಮಾನ ಪಟ್ಟಿದ್ರೆ ನನ್ನ ಕಿಡ್ನಿ ಎಂದೋ ಹೊರಗೆ ಬಿದ್ದಿರೋದು. ಈಗ ವೈರಸ್ ಬಂದ್ರೂ ಅಷ್ಟೇ, ಬಾ ಅನ್ನುತ್ತೆ." ಮೂಗು ಒರೆಸಿಕೊಂಡು ಸ್ವಲ್ಪ ನಕ್ಕಳು. "ನಿಮ್ಮ ಮೈ ಹಾಗಲ್ಲ. ಅದೂ ನಿಮ್ಮ ಥರಾನೇ."

ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತೆ. ಅಲ್ಲೇ ಗಂಟಿನ ವಿಷಯವೂ ಬಾಯಿಗೆ ಬಂತು. ಅವಳು ತಲೆ ಚಚ್ಚಿಕೊಂಡಳು. "ಅಯ್ಯೋ ಅತ್ತಿಗೆ! ಅದು ಕಾವಲಿನ ಕಣಗಳು ಸೇರೋ ಜಾಗ. ಕೆಲಸ ಜೋರಾಗಿ ನಡೀತಿದ್ರೆ ಸ್ವಲ್ಪ ದಿನ ಊದುತ್ತೆ, ಆಮೇಲೆ ಇಳಿಯುತ್ತೆ. ಇಳೀದೇ ಇದ್ರೆ ತೋರಿಸ್ಬೇಕು ಅಷ್ಟೇ. ಒಂದು ಮಾತು ಕೇಳಬಾರದಿತ್ತಾ?"

ಕೇಳಬಹುದಿತ್ತು.

ಅಂದರೆ ಇಷ್ಟು ದಿನ ಇವರಿಗೆ ಇದ್ದ ಒಂದೇ ಕಾವಲು ನಾನು. ನಾನು ಸಾಲು ಬಿಟ್ಟು ಬಂದೆ. ನನ್ನ ಮಾತು ನಂಬಿ ಅವರು ಕ್ಷೌರದಂಗಡಿಗೆ ಹೋದರು.

"ಅಣ್ಣಂಗೆ ನೀವೇ ಹೇಳಿ. ನಾನು ಹೇಳಿದ್ರೆ ನನ್ನ ಕಿಡ್ನಿಯಿಂದ ಹೀಗಾಯ್ತು ಅಂತ ಕೇಳಿಸುತ್ತೆ" ಎಂದು ಹೋದಳು.

ಜೂನ್ ೩, ಗುರುವಾರ

ಇನ್ನೂ ಹೇಳಿಲ್ಲ. ಗಂಟಲು ಕೆರೆತ ಎಂದು ಸುಳ್ಳು ಹೇಳಿ, ಮೊನ್ನೆಯಿಂದ ಮುಂದಿನ ಕೋಣೆಯಲ್ಲಿ ಯಂತ್ರಗಳ ನಡುವೆ ಮಲಗುತ್ತಿದ್ದೇನೆ. ಮನೆಯಲ್ಲೂ ಮಾಸ್ಕು. "ಎರಡಾದ್ಮೇಲೂ ಇದೇನೇ ನಿನ್ನ ಅವತಾರ?" ಎಂದು ನಗುತ್ತಾರೆ. ಶನಿವಾರಕ್ಕೆ ನನ್ನ ಎರಡನೆಯದು ಗೊತ್ತು ಮಾಡಿಕೊಂಡಿದ್ದೇನೆ. ಅವರು ಶನಿವಾರ ಚದುರಂಗಕ್ಕೆ ಹೊರಡುವ ಮುಂಚೆ ಎಲ್ಲ ಹೇಳಿಬಿಡುತ್ತೇನೆ.

ಕಾಜದವಳು ಇವತ್ತು ಬಂದಿಲ್ಲ.

ಜೂನ್ ೪, ಶುಕ್ರವಾರ

ಕಾಜದವಳಿಗೆ ಸೋಂಕು. ಬೆಳಿಗ್ಗೆ ಹನ್ನೊಂದಕ್ಕೆ ಸುದ್ದಿ ಬಂತು. ಮಂಗಳವಾರವೂ ಬುಧವಾರವೂ ನಾವಿಬ್ಬರೂ ಒಂದೇ ಮೇಜಿನಲ್ಲಿ ಮಾಸ್ಕು ತೆಗೆದು ಉಂಡಿದ್ದೇವೆ. ಅವಳ ಡಬ್ಬಿಯಿಂದ ನಾನು ತೆಗೆದುಕೊಂಡೆ, ನನ್ನದರಿಂದ ಅವಳು.

ನಡೆದುಕೊಂಡೇ ಮನೆಗೆ ಬಂದೆ. ಗೇಟಿನಲ್ಲಿ ಕಾಲು ನಿಂತುಬಿಟ್ಟಿತು. ಇವರು ಕಿಟಕಿಯಿಂದ ನೋಡಿ, "ಯಾಕೆ ಅಲ್ಲೇ ನಿಂತೆ? ಬಾಗಿಲು ತೆಗೆದೇ ಇದೆ" ಎಂದರು.

"ಬರಲ್ಲ ರೀ. ನೀವೂ ಹೊರಗೆ ಬರಬೇಡಿ."

ಬೀದಿಯಲ್ಲಿ ನಿಂತು ನಾದಿನಿಗೆ ಫೋನು ಮಾಡಿದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. "ನೀವು ನನ್ನ ಮನೆಗೆ ಹೋಗಿ, ನಾನು ಅಣ್ಣನ ಹತ್ರ ಇರ್ತೀನಿ. ರಜೆ ಹಾಕ್ತೀನಿ" ಎಂದಳು. ಮುಕ್ಕಾಲು ಗಂಟೆಯಲ್ಲಿ ಒಂದು ಚೀಲ ಹಿಡಿದು ಬಂದಳು. ಬೀಗದ ಕೈಯನ್ನು ಕಾಂಪೌಂಡಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಮಾತ್ರೆ ಬೆಳಿಗ್ಗೆ ಎಂಟು, ಸಂಜೆ ಎಂಟು. ಐದು ನಿಮಿಷ ಆಚೀಚೆ ಆಗಬಾರದು" ಎಂದೆ.

"ಗೊತ್ತು ಅತ್ತಿಗೆ."

"ಗೊತ್ತಿದ್ರೂ ಬರ್ಕೋ."

ಅವಳು ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಮನೆಯ ಬಾಗಿಲು ನನ್ನ ಮುಖಕ್ಕೆ ಮುಚ್ಚಿದ್ದು ಅದೇ ಮೊದಲು. ಮುಚ್ಚಲಿ, ಭದ್ರವಾಗಿ ಮುಚ್ಚಲಿ ಎಂದುಕೊಂಡೆ.

ಜೂನ್ ೫, ಶನಿವಾರ

ಬೆಳಿಗ್ಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸಾಲು ಬಿಟ್ಟು ಬಂದದ್ದು, ಹೊದ್ದು ಮುಲುಗಿದ್ದು, ಲ್ಯಾಬಿನ ಕಾಗದ.

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಅವತ್ತು ನಾನು ನಿನ್ನ ಕಾಲು ಒತ್ತಿದ್ದು?"

"ಸುಮ್ನೆ."

"ಅರ್ಧ ಗಂಟೆ ಕಣೇ! ನನ್ನ ಬೆರಳು ನೋವು ಬಂದಿತ್ತು."

ನಗಲು ಹೋಗಿ ಅತ್ತೆ. ಆಮೇಲೆ ಅವರು ಮೆಲ್ಲಗೆ, "ನನ್ನ ಮೈ ಏನೂ ಮಾಡ್ಲೇ ಇಲ್ವಾ?" ಎಂದರು. ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ದನಿ.

"ಮಾಡಿದೆ ರೀ. ಪ್ಯಾಟರ್ನು ಓದಿದೆ, ಮುಳ್ಳು ಹೊಲಿದಿದೆ, ಬಿಚ್ಚಿ ಬೇರೆ ಕೆಲಸಕ್ಕೆ ಹಾಕ್ಕೊಂಡಿದೆ. ಎಲ್ಲಾ ಸರಿಯಾಗೇ ಮಾಡಿದೆ. ಗುರುತು ಮಾತ್ರ ಇಟ್ಕೊಂಡಿಲ್ಲ. ಮೂರನೇದು ಕೊಟ್ರೆ ಕೆಲವರಿಗೆ ಬರುತ್ತಂತೆ."

"ಕೆಲವರಿಗೆ ಅಂದ್ರೆ?"

"ಒಬ್ಬೊಬ್ಬರ ಮೈ ಒಂದೊಂದು ಥರ" ಎಂದೆ.

"ಪುಟ್ಟಿ ಕಿಡ್ನಿ ಮೇಲೆ ಕೈ ಮಾಡಬಾರದು ಅಂತ ಸುಮ್ನಿದೆ, ಅಷ್ಟೇ ತಾನೆ? ಇರ್ಲಿ ಬಿಡು. ಪಾಪದ ಮೈ." ಚದುರಂಗಕ್ಕೆ ಹೋಗುವುದಿಲ್ಲ ಎಂದು ಅವರೇ ಹೇಳಿದರು. ಕ್ಷೌರದಂಗಡಿಯವರಿಗೆ ಫೋನು ಮಾಡಿ ಬಾಯಲ್ಲೇ ನಡೆ ಹೇಳಿ ಆಡುತ್ತಾರಂತೆ. ಇನ್ನು ಸೋಲುವುದು ಫೋನಿನಲ್ಲಿ.

ನನ್ನ ಎರಡನೆಯದನ್ನು ಮುಂದಕ್ಕೆ ಹಾಕಿದ್ದಾರೆ, ಪರೀಕ್ಷೆಯಾಗಲಿ ಎಂದು.

ಜೂನ್ ೭, ಸೋಮವಾರ

ಗಂಟೆಗೊಮ್ಮೆ ಜ್ವರ ನೋಡಿಕೊಳ್ಳುತ್ತಿದ್ದೇ‌ನೆ. ಇಲ್ಲ. ಇವರಿಗೆ ಫೋನು ಮಾಡಿ ಕೆಮ್ಮಿ ತೋರಿಸಿ ಎಂದೆ. ಕೆಮ್ಮಿದರು. ಒಣ ಕೆಮ್ಮೋ, ಬೇಕೆಂದು ಕೆಮ್ಮಿದ್ದೋ ತಿಳಿಯದೆ ಇನ್ನಷ್ಟು ಹೆದರಿದೆ.

ಜೂನ್ ೯, ಬುಧವಾರ

ಪರೀಕ್ಷೆಯಲ್ಲಿ ನನಗೆ ಇಲ್ಲ. ಇವರಿಗೂ ಇಲ್ಲ.

ಎರಡು ಸಲ ಓದಿದೆ. ಇಲ್ಲ.

ಜೂನ್ ೧೦, ಗುರುವಾರ

ಎರಡನೆಯದು ಆಯಿತು. ಇನ್ನು ಹದಿನಾಲ್ಕು ದಿನ ಇಲ್ಲೇ ಇರುತ್ತೇನೆ, ಮೈ ಸರಿಯಾಗಿ ತಯಾರಾಗಲಿ. ನರ್ಸಿಗೆ "ಪೂರ್ತಿ ಹಾಕಮ್ಮ" ಎಂದೆ. ಅವಳು ನಕ್ಕಳು. ಸೀಸೆಯ ತಾರೀಖು ಓದಿದೆನೋ ಇಲ್ಲವೋ ಈಗ ನೆನಪಾಗುತ್ತಿಲ್ಲ.

ಜೂನ್ ೧೨, ಶನಿವಾರ

ನಿನ್ನೆಯಿಡೀ ಜ್ವರ, ಇವತ್ತು ಎದ್ದು ಓಡಾಡುತ್ತಿದ್ದೇನೆ. ನಾದಿನಿಯ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಎಂಟು ದಿನದಿಂದ ಇದ್ದೇನೆ, ಒಂದು ಕಪಾಟು ತೆಗೆದು ನೋಡಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲ ಮೇಲಿರುವುದು ಮಾತ್ರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇವತ್ತು ಹಾಲು ತೆಗೆಯುವಾಗ ಓದಿದೆ.

ಆಸ್ಪತ್ರೆಯ ಚೀಟಿಗಳು, ಒಂದರ ಮೇಲೊಂದು, ಒಂದೇ ಅಯಸ್ಕಾಂತದ ಕೆಳಗೆ. ಉಳಿದ ಒಂದು ಕಿಡ್ನಿಗೆ ವರ್ಷಕ್ಕೊಂದು ತಪಾಸಣೆ. ಐದು ವರ್ಷದ್ದು ಐದು ಚೀಟಿ. "ಜೊತೆಗೆ ಬಂದವರು" ಎಂಬ ಜಾಗದಲ್ಲಿ ಐದರಲ್ಲೂ ಒಂದು ಸಣ್ಣ ಗೆರೆ ಎಳೆದಿದೆ. ಆರನೆಯದು ಈ ಸೋಮವಾರಕ್ಕೆ. ಅದರಲ್ಲಿ ಆಗಲೇ ಗೆರೆ ಎಳೆದಿಟ್ಟಿದ್ದಾಳೆ, ತನ್ನ ಕೈಯಾರೆ.

ಹಾಲಿನ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದೆ. ಇವರ ಹೊಟ್ಟೆಯಲ್ಲಿರುವ ಕಿಡ್ನಿಯನ್ನು ಆರು ವರ್ಷ ಗಂಟೆ ನೋಡಿ ಕಾಪಾಡಿದ್ದೇನೆ. ಅದು ಹೊರಟು ಬಂದ ಮೈ ಹೇಗಿದೆ ಎಂದು ಒಂದು ದಿನ ಕೇಳಿಲ್ಲ. ಮೊನ್ನೆ ಸೋಂಕು ಇರಬಹುದಾದ ಮನೆಯೊಳಗೆ, ಒಂದೇ ಕಿಡ್ನಿಯವಳನ್ನು, ಮಾತ್ರೆಯ ಹೊತ್ತು ಬರೆದುಕೋ ಎಂದು ಗದರಿಸಿ ಕಳಿಸಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಫೋನು ಮಾಡಿದೆ.

"ನಿನ್ನ ಕಿಡ್ನಿ ಹೇಗಿದೆ?"

"ಚೆನ್ನಾಗಿದೆ ಅತ್ತಿಗೆ, ಈಗಷ್ಟೇ ಮಾತ್ರೆ ತಗೊಂಡು ಮಲಗಿದಾರೆ ಅಣ್ಣ. ಕಾಲು ಊದಿಲ್ಲ, ನೀರು ಸರಿಯಾಗಿ..."

"ಅದಲ್ಲ. ನಿಂದು. ನಿನ್ನ ಹತ್ರ ಇರೋದು."

ಆ ಕಡೆಯಿಂದ ಗಾಬರಿಯ ದನಿ ಬಂತು. "ಯಾಕತ್ತಿಗೆ? ಏನಾಯ್ತು? ಯಾರಾದ್ರೂ ಏನಾದ್ರೂ ಹೇಳಿದ್ರಾ?"

ನಾನು ಕೇಳಿದರೆ ಅವಳಿಗೆ ಅನುಮಾನ ಬರುವಂತೆ ಇಟ್ಟಿದ್ದೇನೆ ಅವಳನ್ನು, ಆರು ವರ್ಷ.

"ಏನೂ ಆಗಿಲ್ಲ. ಸೋಮವಾರ ನಾನೂ ಬರ್ತೀನಿ ಆಸ್ಪತ್ರೆಗೆ. ಮಾಸ್ಕು ಹಾಕ್ಕೊಂಡು ದೂರ ಕೂತಿರ್ತೀನಿ" ಎಂದೆ. "ಚೀಟಿಯಲ್ಲಿ ನನ್ನ ಹೆಸರು ಬರೀತೀನಿ, ಗೆರೆ ಹೊಡೆದುಹಾಕ್ತೀನಿ."

ಬೇಡ ಎನ್ನಲಿಲ್ಲ. ಏನಿಲ್ಲ ಎಂದೂ ಅನ್ನಲಿಲ್ಲ. ಮೂಗು ಎಳೆದ ಸದ್ದು ಕೇಳಿಸಿತು.

"ಎಂಟೂವರೆಗೆ ಅಲ್ಲಿರ್ಬೇಕು ಅತ್ತಿಗೆ" ಎಂದಳು. "ನಂಗೆ ಒಬ್ಬಳೇ ಹೋಗೋದಕ್ಕೆ ಪ್ರತಿ ಸಲ ಭಯ ಆಗುತ್ತೆ."